ಒಸಡಿಗೂ ಉಸಿರಿಗೂ

ಗ್ರಂಥಾಲಯದಲ್ಲಿ ಕುಳಿತು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳನ್ನು ತಿರುವಿ ನೋಡಿದೆ. ವಿದ್ಯಾರ್ಥಿ ಮತ್ತು ರಾಜಕೀಯ, ಮಾತೃಭಾಷೆಯಲ್ಲಿ ಶಿಕ್ಷಣ, ಗ್ರಾಮಜೀವನದ ಸೊಬಗು, ಹೀಗೆ ಗಂಭೀರವಾದ ವಿಷಯಗಳು ಬೇಕಾದಷ್ಟಿವೆ. ಒಸಡಿನ ಮೇಲೆ ಒಂದು ಸಾಲೂ ಇಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ತರಗತಿಯವರಿಗೆ ಹಲ್ಲು ಒಸಡುಗಳ ಗೊಡವೆ ಏತಕ್ಕೆ ಎಂದು ಗೆಳೆಯರು ನಕ್ಕರು. ನಗಲಿ. ನಮ್ಮದು ಕಲಾ ಕಾಲೇಜು. ತಪ್ಪು ಬರೆದರೆ ತಿದ್ದಲು ವೈದ್ಯಶಾಸ್ತ್ರದ ಅಧ್ಯಾಪಕರಿಲ್ಲ. ಆದಕಾರಣ ಎರಡು ಸಲ ಓದಿ ಖಚಿತಪಡಿಸಿಕೊಂಡುದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ಹಾಸಿಗೆ ಹಿಡಿದ ವೃದ್ಧರ ಬಾಯಿಯನ್ನು ದಿನವೂ ಶುಚಿಮಾಡುವುದು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಷ್ಟೇ ಮುಖ್ಯವಾದ ಶುಶ್ರೂಷೆ. ಅದನ್ನು ನಮ್ಮ ಮನೆಗಳೂ ಆಸ್ಪತ್ರೆಗಳೂ ಇನ್ನೂ ಶುಶ್ರೂಷೆಯೆಂದು ಎಣಿಸಿಲ್ಲ. ಎಣಿಸುವಂತೆ ಮಾಡುವುದು ಮನೆಯಲ್ಲಿ ಮೊದಲ ಸಲ ನಾಲ್ಕಕ್ಷರ ಕಲಿತ ನಮ್ಮಂಥವರ ಕೈಯಲ್ಲಿದೆ.

ಹಲ್ಲುಜ್ಜುವುದನ್ನು ನಾವು ಮುಖ ತೊಳೆಯುವುದರ ಒಂದು ಅಂಗವೆಂದು ತಿಳಿದಿದ್ದೇವೆ. ಹಿಂದೆ ಬೇವಿನ ಕಡ್ಡಿ, ಇದ್ದಿಲ ಪುಡಿ, ಉಪ್ಪು ಇದ್ದವು. ಈಗ ಬಣ್ಣಬಣ್ಣದ ಪೇಸ್ಟು ಬಂದಿದೆ. ಸಾಧನ ಬದಲಾಯಿತೇ ಹೊರತು ಉದ್ದೇಶ ಬದಲಾಗಲಿಲ್ಲ. ನಾಲ್ಕು ಜನರ ಮುಂದೆ ಬಾಯಿಬಿಟ್ಟಾಗ ನಾತ ಬರಬಾರದು, ಅಷ್ಟೆ. ಒಸಡಿನಲ್ಲಿ ರಕ್ತ ಕಂಡರೆ "ಮೈ ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎನ್ನುತ್ತಾರೆ. ಹಲ್ಲು ಅಲುಗಿದರೆ "ವಯಸ್ಸಾಯಿತು" ಎನ್ನುತ್ತಾರೆ. ಹಲ್ಲಿನ ಡಾಕ್ಟರ ಬಳಿಗೆ ಹೋಗುವುದು ನೋವು ತಡೆಯಲಾರದಾಗ, ಅದೂ ಹಲ್ಲು ಕೀಳಿಸುವುದಕ್ಕೆ. ಒಸಡಿನ ರೋಗವಾದರೋ ಬಹುಮಟ್ಟಿಗೆ ನೋಯುವುದೇ ಇಲ್ಲ. ಅದರ ಕಪಟವೆಲ್ಲ ಇರುವುದು ಅಲ್ಲಿ. ಹಲ್ಲಿನ ಪಾಚಿ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತನ್ನು ಹಳ್ಳಿಯ ಜಗಲಿಯಲ್ಲಿ ಮಾತ್ರವಲ್ಲ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿದ್ದೇನೆ. (ಹೇಳಿದವರ ಹೆಸರು ಬರೆದರೆ ಆಂತರಿಕ ಅಂಕಗಳಿಗೆ ಅಪಾಯವುಂಟು.) ರೋಗ ಒಸಡನ್ನು ಮೊದಲೇ ಕೊರೆದಿರುತ್ತದೆ, ಆ ಸಂದನ್ನು ಪಾಚಿ ಗಟ್ಟಿಯಾಗಿ ಕಲ್ಲಿನಂತೆ ತುಂಬಿಕೊಂಡಿರುತ್ತದೆ. ಕಲ್ಲನ್ನು ತೆಗೆದಾಗ ಸಂದು ಕಣ್ಣಿಗೆ ಬೀಳುತ್ತದೆ. ಸಂದು ಮಾಡಿದವರು ಡಾಕ್ಟರಲ್ಲ.

ಹಲ್ಲಿನ ಬುಡದಲ್ಲಿ ಕೂರುವ ಈ ಪಾಚಿ ಬರಿಯ ಅನ್ನದ ಅಗುಳಿನ ಶೇಷವಲ್ಲ. ಅದು ಕೋಟ್ಯಂತರ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿ ಕಟ್ಟಿಕೊಂಡ ಪದರ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಈ ಜೀವಿಗಳ ವರ್ಣನೆ ಇದೆ. ಆತ ಪ್ರತಿದಿನ ಬೆಳಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕುತ್ತಿದ್ದವನು, ನಮ್ಮ ಹಿರಿಯರ ಹಾಗೆಯೇ. ಆದರೂ ಹಲ್ಲುಗಳ ಸಂದಿನಿಂದ ತೆಗೆದ ಬಿಳಿಯ ಲೋಳೆಯನ್ನು ತಾನೇ ಮಾಡಿದ ಭೂತಗನ್ನಡಿಯಲ್ಲಿ ಹಿಡಿದಾಗ ಅದರಲ್ಲಿ ಪುಟ್ಟ ಜೀವಿಗಳು ಲವಲವಿಕೆಯಿಂದ ಚಲಿಸುತ್ತಿದ್ದವು. ಪದರವನ್ನು ದಿನದಿನ ತೆಗೆಯದಿದ್ದರೆ ಒಸಡು ಕೆಂಪೇರಿ ಊದಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಕೆಲವರಲ್ಲಿ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಚೀಲದಂತಾಗುತ್ತದೆ. ಅದರ ಆಳದಲ್ಲಿ ಗಾಳಿಯಿಲ್ಲದೆ ಬದುಕುವ ರೋಗಾಣುಗಳು ಮನೆಮಾಡುತ್ತವೆ. ಹಲ್ಲನ್ನು ಹಿಡಿದಿರುವ ಎಲುಬು ಕರಗತೊಡಗುತ್ತದೆ. ನಮ್ಮ ಕಡೆ ಇದನ್ನು "ಒಸಡು ನಂಜಾಗಿದೆ" ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಆ ನಂಜು ಬಾಯಲ್ಲೇ ನಿಲ್ಲುತ್ತದೆಂದು ತಿಳಿಯುವುದು ಸರಿಯಲ್ಲ.

ಬಾಯಿಯ ಹಿಂಬದಿಯಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಒಂದನ್ನೊಂದು ಹಾಯುತ್ತವೆ. ನುಂಗುವ ಹೊತ್ತಿಗೆ ಗಾಳಿಯ ದಾರಿಗೆ ಮುಚ್ಚಳ ಬೀಳುತ್ತದೆ. ಬೀಳುವುದು ಒಂದು ಗಳಿಗೆ ತಡವಾದರೆ ನಮಗೆ "ನೆತ್ತಿಗೆ ಹತ್ತುತ್ತದೆ". ಹತ್ತಿರ ಕುಳಿತವರು ತಲೆಯ ಮೇಲೆ ತಟ್ಟುತ್ತಾರೆ. ಯಾರೋ ನೆನೆಯುತ್ತಿದ್ದಾರೆಂದು ಸಂತೋಷಪಡುತ್ತಾರೆ. ನೆತ್ತಿಗೆ ಏನೂ ಹತ್ತಿರುವುದಿಲ್ಲ. ಶ್ವಾಸನಾಳಕ್ಕೆ ಇಳಿದಿರುತ್ತದೆ, ಕೆಮ್ಮು ಅದನ್ನು ಹೊರಗೆ ತಳ್ಳುತ್ತದೆ. ಎಚ್ಚರದಲ್ಲಿ ಇಷ್ಟು ರಂಪವಾಗುತ್ತದೆ. ನಿದ್ದೆಯಲ್ಲಾದರೆ ಸದ್ದೇ ಇಲ್ಲ. ಆರೋಗ್ಯವಂತ ವಯಸ್ಕರಲ್ಲಿಯೂ ಸುಮಾರು ಅರ್ಧದಷ್ಟು ಜನರಿಗೆ ನಿದ್ದೆಯಲ್ಲಿ ಚೂರುಚೂರು ಎಂಜಲು ಶ್ವಾಸಕೋಶದ ಕಡೆಗೆ ಜಾರುತ್ತದೆಂದು ಪರೀಕ್ಷಿಸಿ ನೋಡಿದ್ದಾರೆ. ನಮ್ಮ ಶ್ವಾಸನಾಳದಲ್ಲಿ ಅದನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮವಾದ ರೋಮಗಳಿವೆ; ರಕ್ತದಲ್ಲಿ ಕಾವಲಿನ ಕಣಗಳಿವೆ. ಆದ್ದರಿಂದ ಬೆಳಗ್ಗೆ ಎದ್ದು ಏನೂ ಆಗದವರಂತೆ ಕಾಲೇಜಿಗೆ ಬರುತ್ತೇವೆ.

ಈ ಲೆಕ್ಕವನ್ನೇ ಒಬ್ಬ ಲಕ್ವ ಹೊಡೆದ ಮುದುಕನಿಗೆ ಹಚ್ಚಿ ನೋಡಿರಿ. ನುಂಗುವ ಶಕ್ತಿ ಅರ್ಧ ಹೋಗಿದೆ. ಕೆಮ್ಮಲು ಬಲವಿಲ್ಲ. ದಿನವಿಡೀ ಅಂಗಾತ ಮಲಗಿರುತ್ತಾನೆ. ಅಳಿದುಳಿದ ಹತ್ತು ಹಲ್ಲುಗಳ ಬುಡದಲ್ಲಿ ತಿಂಗಳುಗಟ್ಟಲೆಯ ಪಾಚಿ. ಇಳಿಯುವ ಎಂಜಲಿನ ಒಂದೊಂದು ತೊಟ್ಟೂ ರೋಗಾಣುಗಳ ಗಂಟನ್ನು ಹೊತ್ತೇ ಇಳಿಯುತ್ತದೆ. ನ್ಯುಮೋನಿಯಾ ಬರುವುದಕ್ಕೆ ಇನ್ನೇನು ಬೇಕು? ಶ್ವಾಸಕೋಶದಲ್ಲಿ ಕೀವುಗಟ್ಟುವ ಇನ್ನೊಂದು ರೋಗವಿದೆ. ಅದು ಹಲ್ಲು ಒಸಡು ಕೆಟ್ಟವರಲ್ಲಿ, ಅದರಲ್ಲಿಯೂ ಕುಡಿದೋ ಮೂರ್ಛೆರೋಗದಿಂದಲೋ ಎಚ್ಚರ ತಪ್ಪುವವರಲ್ಲಿ ಕಾಣಿಸಿಕೊಳ್ಳುತ್ತದೆ, ಹಲ್ಲೇ ಇಲ್ಲದವರಲ್ಲಿ ಅಪರೂಪವೆಂದು ವೈದ್ಯ ವಿದ್ಯಾರ್ಥಿಗಳಿಗೆ ಬಹಳ ಕಾಲದಿಂದ ಪಾಠ ಹೇಳುತ್ತ ಬಂದಿದ್ದಾರೆ. ಒಸಡಿಗೂ ಉಸಿರಿಗೂ ಇರುವ ನಂಟಿಗೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಇಷ್ಟು ಸರಳವಾದ ವಿಷಯ ನಮ್ಮ ಮನೆಬಾಗಿಲಿಗೆ ಏಕೆ ಬರಲಿಲ್ಲ? ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಹುಟ್ಟಿದ್ದು ಇಲ್ಲಿ. ಬಾಯಿಯ ರೋಗಾಣುಗಳು ಮೈಯ ಬೇರೆ ಭಾಗಗಳನ್ನೂ ಕೆಡಿಸಬಲ್ಲವೆಂದು ಅಮೆರಿಕದ ವಿಲ್ಲೊಬಿ ಮಿಲ್ಲರ್ ಎಂಬ ವಿದ್ವಾಂಸ 1891ರಲ್ಲಿಯೇ ಬರೆದಿದ್ದ. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಂದು ಭಾಷಣ ಮಾಡಿ, ಚಿನ್ನದ ಕವಚ ಹಾಕಿದ ಹಲ್ಲುಗಳ ಕೆಳಗೆ ಕೀವು ಅಡಗಿದೆಯೆಂದು ದಂತವೈದ್ಯರ ಮೇಲೆ ಹರಿಹಾಯ್ದ. ಅಲ್ಲಿಂದ ಹುಚ್ಚು ಹತ್ತಿತು. ಕೀಲುನೋವಿಗೂ ಹಲ್ಲು ಕಿತ್ತರು, ಹೊಟ್ಟೆನೋವಿಗೂ ಹಲ್ಲು ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಬುದ್ಧಿಭ್ರಮೆಗೂ ಹಲ್ಲು ಕೀಳಿಸಿದ. ರೋಗ ವಾಸಿಯಾಗಲಿಲ್ಲ, ಬಾಯಿ ಬೋಳಾಯಿತು. ಕೆಲವು ದಶಕಗಳಲ್ಲಿ ಜನರಿಗೂ ವೈದ್ಯರಿಗೂ ಇದರಲ್ಲಿ ನಂಬಿಕೆ ಹೋಯಿತು. ಹೋಗುವಾಗ ಅದರೊಳಗಿದ್ದ ಸತ್ಯಾಂಶವನ್ನೂ ಸೆಳೆದುಕೊಂಡು ಹೋಯಿತು. ಇದರ ಜೊತೆಗೆ ಇನ್ನೊಂದು ಕಾರಣ. 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ದಂತವೈದ್ಯಕ್ಕೆಂದೇ ಪ್ರತ್ಯೇಕ ಕಾಲೇಜು ಹುಟ್ಟಿತು. ನಮ್ಮ ದೇಶದಲ್ಲಿ ಡಾಕ್ಟರ್ ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲನೆಯದನ್ನು ತೆರೆದರು. ಅದರಿಂದ ದಂತವೈದ್ಯ ಬೆಳೆಯಿತು, ಸಂತೋಷವೇ. ಆದರೆ ಅಣ್ಣತಮ್ಮಂದಿರು ಹೊಲ ಪಾಲುಮಾಡಿಕೊಂಡಂತೆ, ತುಟಿಯ ಒಳಗಿನದು ಒಬ್ಬರಿಗೆ, ಗಂಟಲಿನ ಕೆಳಗಿನದು ಇನ್ನೊಬ್ಬರಿಗೆ ಎಂದಾಯಿತು. ನಡುವಿನ ಬದುವಿನ ಮೇಲೆ ಬೆಳೆದ ಕಳೆಯನ್ನು ಕೀಳುವವರು ಯಾರೂ ಇಲ್ಲ.

ಅದನ್ನು ಕೀಳಲು ಮುಂದಾದವರಲ್ಲಿ ಜಪಾನಿನವರು ಮುಖ್ಯರು. ಅಲ್ಲಿ ವೃದ್ಧರ ಸಂಖ್ಯೆ ಬಹಳ. ವೃದ್ಧರ ಆರೈಕೆಗೃಹಗಳೂ ಬಹಳ. ಹನ್ನೊಂದು ಆರೈಕೆಗೃಹಗಳಲ್ಲಿ ಎರಡು ವರ್ಷಗಳ ಕಾಲ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ವೃದ್ಧರನ್ನು ಎರಡು ಗುಂಪುಮಾಡಿ ಒಂದು ಗುಂಪಿನವರಿಗೆ ಪ್ರತಿ ಊಟದ ತರುವಾಯ ದಾದಿಯರು ಬ್ರಷ್ಷಿನಿಂದ ಹಲ್ಲುಜ್ಜಿದರು. ವಾರಕ್ಕೊಮ್ಮೆ ದಂತವೈದ್ಯರೋ ಅವರ ಸಹಾಯಕರೋ ಬಂದು ಬಾಯಿ ನೋಡಿದರು. ಇನ್ನೊಂದು ಗುಂಪಿನವರನ್ನು ಎಂದಿನಂತೆ ಬಿಟ್ಟರು. ಎಂದಿನಂತೆ ಬಿಟ್ಟವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂತು. ಬಾಯಿ ಶುಚಿಮಾಡಿಸಿಕೊಂಡವರಲ್ಲಿ 11 ಮಂದಿಗೆ. ನ್ಯುಮೋನಿಯಾದಿಂದ ಸತ್ತವರು ಒಂದು ಕಡೆ ನೂರಕ್ಕೆ 16, ಇನ್ನೊಂದು ಕಡೆ 7. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ. ಒಂದು ಬ್ರಷ್ಷು, ಅದನ್ನು ಹಿಡಿಯಲು ಒಂದು ಕೈ.

ವಿರುದ್ಧ ಸಾಕ್ಷಿಯನ್ನೂ ಹೇಳದಿದ್ದರೆ ನ್ಯಾಯವಾಗಲಾರದು. ಅಮೆರಿಕದ ಕನೆಕ್ಟಿಕಟ್ ಪ್ರಾಂತದ 36 ಆರೈಕೆಗೃಹಗಳಲ್ಲಿ ಹೀಗೆಯೇ ಹಲ್ಲುಜ್ಜಿ, ರೋಗಾಣುನಾಶಕ ದ್ರವ ಹಚ್ಚಿ, ಎದ್ದು ಕೂರಿಸಿ ಉಣಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಗಣ್ಯವಾದ ಪ್ರಯೋಜನ ಕಾಣಲಿಲ್ಲ. ಅದರಿಂದ ನನಗೆ ಸ್ವಲ್ಪ ನಿರಾಶೆಯಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಆಸ್ಪತ್ರೆಯ ರೋಗಿಗಳ ಮೇಲೆ ನಡೆದ ಹದಿನೈದು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಲೆಕ್ಕ ಹಾಕಿದಾಗ, ದಿನವೂ ಹಲ್ಲುಜ್ಜಿಸಿಕೊಂಡವರಲ್ಲಿ ಆಸ್ಪತ್ರೆಯಲ್ಲಿ ಹತ್ತುವ ನ್ಯುಮೋನಿಯಾ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗಿತ್ತು. ಲಾಭ ಹೆಚ್ಚಾಗಿ ಕಂಡದ್ದು ವೆಂಟಿಲೇಟರಿನ ಮೇಲೆ ಇದ್ದವರಲ್ಲಿ. ವೆಂಟಿಲೇಟರಿನಲ್ಲಿರುವವರ ವಿಷಯದಲ್ಲಿ ಅಮೆರಿಕದ ತಜ್ಞರು 2022ರಲ್ಲಿ ಕೊಟ್ಟ ಸೂಚನೆಯಂತೂ ಸ್ವಾರಸ್ಯವಾಗಿದೆ: ರೋಗಾಣುನಾಶಕ ದ್ರವ ಬೇಡ, ಬರಿಯ ಬ್ರಷ್ಷಿನಿಂದ ಉಜ್ಜಿರಿ ಎಂದರು. ಪಾಚಿಯನ್ನು ಉಜ್ಜಿಯೇ ತೆಗೆಯಬೇಕು, ಅದಕ್ಕೆ ಮಂತ್ರಜಲವಿಲ್ಲ.

ಇನ್ನು ದೀರ್ಘಕಾಲದ ದಮ್ಮಿನ ವಿಷಯ. ಡಾಕ್ಟರುಗಳು ಸಿ.ಓ.ಪಿ.ಡಿ. ಎನ್ನುವ ರೋಗ ಉಳ್ಳವರಲ್ಲಿ ಒಸಡಿನ ರೋಗವೂ ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಇಲ್ಲಿ ಅವಸರಪಡಬಾರದು. ಬೀಡಿ ಎರಡನ್ನೂ ಕೆಡಿಸುತ್ತದೆಯಷ್ಟೆ. ಎರಡು ಮನೆಗೂ ಬೆಂಕಿಯಿಟ್ಟವನು ಒಬ್ಬನೇ ಆಗಿರುವಾಗ ಒಂದು ಮನೆ ಇನ್ನೊಂದನ್ನು ಸುಟ್ಟಿತೆಂದು ಹೇಳುವುದು ಕಷ್ಟ. ಒಸಡಿನ ಉರಿಯೂತ ರಕ್ತದ ಮೂಲಕ ಶ್ವಾಸಕೋಶವನ್ನೂ ಕೆರಳಿಸಬಹುದೆಂಬ ವಾದವಿದೆ. ಅದು ತೀರ್ಮಾನವಾದ ಸಂಗತಿಯಲ್ಲ. ಬೀಡಿ ಸೇದುವ ಗೆಳೆಯರಿಗೆ ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. "ನನ್ನ ಒಸಡಿನಲ್ಲಿ ರಕ್ತ ಬರುವುದಿಲ್ಲ" ಎಂದು ಹೆಮ್ಮೆಪಡಬೇಡಿ. ಹೊಗೆ ಒಸಡಿನ ರಕ್ತಸ್ರಾವವನ್ನು ಅಡಗಿಸಿ ರೋಗವನ್ನು ಮರೆಮಾಡುತ್ತದೆ. ಉಬ್ಬಸಕ್ಕೆ ಇನ್‌ಹೇಲರ್ ಸೇದುವವರಿದ್ದರೆ, ಅದರಲ್ಲಿ ಸ್ಟೀರಾಯ್ಡ್ ಇದ್ದಲ್ಲಿ, ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು; ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ.

ಇದನ್ನೆಲ್ಲ ನಾನು ಓದುವಂತಾದುದಕ್ಕೆ ಕಾರಣ ನಮ್ಮ ಅಜ್ಜಿ. ನಾನು ಮೊದಲ ವರ್ಷದಲ್ಲಿದ್ದಾಗ ಆಕೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಒಳ್ಳೆಯವರು, ಔಷಧಿ ಪುಕ್ಕಟೆ. ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯನ್ನು ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಏಕೈಕ ವ್ಯಕ್ತಿಯಾದ ನಾನೇ ಓದಿದೆ. ರಕ್ತದೊತ್ತಡದ ಮಾತ್ರೆ ಯಾವ ಹೊತ್ತಿಗೆ, ಎಷ್ಟು ದಿನಕ್ಕೆ ಮತ್ತೆ ಬರಬೇಕು, ಮಗ್ಗುಲು ಎಷ್ಟು ಗಂಟೆಗೊಮ್ಮೆ ಬದಲಾಯಿಸಬೇಕು, ಎಲ್ಲ ಇತ್ತು. ಬಾಯಿಯ ಮಾತಿರಲಿಲ್ಲ. ಅವ್ವ ಚೀಟಿಯಲ್ಲಿದ್ದುದನ್ನು ಒಂದಕ್ಷರ ಬಿಡದೆ ಮಾಡಿದಳು. ಕೂಲಿಯಿಂದ ಬಂದು ಅಜ್ಜಿಯ ಮೈ ಒರೆಸಿ, ಬೆನ್ನಿಗೆ ಪೌಡರು ಹಾಕಿ, ಮಗ್ಗುಲಾಗಿಸಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಅಜ್ಜಿಯ ಬೆನ್ನಿನ ಮೇಲೆ ಒಂದು ಹುಣ್ಣು ಏಳಲಿಲ್ಲ.

ನಾಲ್ಕು ತಿಂಗಳಿಗೆ ಅಜ್ಜಿಗೆ ಜ್ವರ ಬಂತು, ಉಸಿರು ಗೊರಗೊರ ಎನ್ನತೊಡಗಿತು. ನ್ಯುಮೋನಿಯಾ ಎಂದರು. ಅದು ಒಸಡಿನಿಂದಲೇ ಬಂತೆಂದು ಹೇಳುವಷ್ಟು ವಿದ್ಯೆ ನನಗಿಲ್ಲ. ಒಬ್ಬ ರೋಗಿಯ ವಿಷಯದಲ್ಲಿ ಹಾಗೆ ಹೇಳುವುದು ವೈದ್ಯರಿಗೂ ಸುಲಭವಲ್ಲ. ಆ ಸಲ ವಾರ್ಡಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಅವರು ಅಜ್ಜಿಯ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, ಅವ್ವನನ್ನು ಹತ್ತಿರ ಕರೆದರು.

"ನೋಡವ್ವ, ಮೈ ಇಷ್ಟು ಚೊಕ್ಕಟವಾಗಿ ಇಟ್ಟಿದ್ದೀಯ. ಬಾಯಿ ತೊಳಿಯೋಕೆ ಯಾರೂ ಹೇಳ್ಲಿಲ್ವಾ?"

"ಇಲ್ಲ ಸಿಸ್ಟರ್. ಗಂಜಿ ಕುಡಿಯೋ ಬಾಯಿ, ಅದಕ್ಕೇನು ಅಂತ..."

ಸಿಸ್ಟರ್ ಮತ್ತೇನೂ ಹೇಳದೆ ತೋರಿಸಿಕೊಟ್ಟರು. ತಲೆದಿಂಬು ಏರಿಸಿ, ಮುಖವನ್ನು ಪಕ್ಕಕ್ಕೆ ವಾಲಿಸಿ, ಮೆತ್ತನೆಯ ಬ್ರಷ್ಷನ್ನು ನೀರಿಗದ್ದಿ ಕೊಡವಿ, ಇರುವ ಹಲ್ಲುಗಳ ಬುಡವನ್ನು ಒಂದೊಂದಾಗಿ ಉಜ್ಜುವುದು. ಹಲ್ಲಿಲ್ಲದ ಕಡೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸುವುದು. ನುಂಗಲು ಬಾರದವರ ಬಾಯಿಗೆ ನೀರು ಸುರಿಯಲೇಬಾರದು. ಶುಚಿಮಾಡಲು ಹೋಗಿ ನಾವೇ ಶ್ವಾಸಕೋಶಕ್ಕೆ ನೀರಿಳಿಸಿದಂತಾಗುತ್ತದೆ. ಉಣಿಸಿದ ಮೇಲೆ ಅರ್ಧ ಗಂಟೆ ಒರಗಿಸಿ ಕೂರಿಸಬೇಕು. ಎಲ್ಲ ಸೇರಿ ಐದು ನಿಮಿಷದ ಪಾಠ. ಆ ಪಾಠ ಮೊದಲ ಸಲವೇ ಚೀಟಿಯ ಮೇಲೆ ಎರಡು ಸಾಲು ಕನ್ನಡದಲ್ಲಿ ಇರಬೇಕಾಗಿತ್ತೆಂಬುದು ನನ್ನ ದೂರು. ಅದು ಆ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ವಿಚಾರಿಸಿ ನೋಡಿದ ಮೇಲೆ ನಮ್ಮ ತರಗತಿಯ ಆರು ಮಂದಿಯ ಮನೆಯಲ್ಲಿ ಹೀಗೆ ಹಾಸಿಗೆ ಹಿಡಿದವರಿದ್ದರು. ಆರು ಮನೆಗಳಲ್ಲಿಯೂ ಈ ಮಾತು ಹೊಸದು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಕರ್ನಾಟಕ ಸರ್ಕಾರ 2014ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿ, ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಪುಕ್ಕಟೆಯಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡಲು ಮುಂದಾಯಿತು. ಕಡಲೆಯಿದ್ದಾಗ ಹಲ್ಲಿಲ್ಲದವರ ಪಾಲಿಗೆ ದೊಡ್ಡ ಉಪಕಾರ. ಆದರೆ ಎರಡು ಮಾತು. ಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ಇಡಬೇಕು. ಜಪಾನಿನಲ್ಲಿ 85 ದಾಟಿದ 524 ವೃದ್ಧರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡರಷ್ಟಕ್ಕೂ ಮೇಲೆ ಇತ್ತು. ಎರಡನೆಯದು, ಹೋದ ಹಲ್ಲಿಗೆ ಖರ್ಚುಮಾಡುವುದಕ್ಕಿಂತ ಇರುವ ಹಲ್ಲನ್ನು ಉಳಿಸುವುದು ಅಗ್ಗವಲ್ಲವೆ? ಎಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತು ಹಲ್ಲುಗಳಿರಲಿ ಎಂಬ ಚಳವಳಿಯನ್ನು ಜಪಾನು 1989ರಲ್ಲಿ ತೊಡಗಿತು. 2016ರ ಗಣತಿಯ ವೇಳೆಗೆ ಆ ವಯಸ್ಸಿನ ಅರ್ಧದಷ್ಟು ಜನರಿಗೆ ಇಪ್ಪತ್ತು ಹಲ್ಲುಗಳಿದ್ದವು. ಇಪ್ಪತ್ತೇಳು ವರ್ಷ ಹಿಡಿಯಿತು, ಆದರೆ ಆಯಿತು. ನಮ್ಮ ರಾಜ್ಯದಲ್ಲಿ ದಂತವೈದ್ಯ ಕಾಲೇಜುಗಳಿಗೆ ಬಡತನವಿಲ್ಲ. ವರ್ಷವರ್ಷವೂ ಹೊರಬರುವ ತರುಣ ದಂತವೈದ್ಯರು ನಗರದ ಒಂದೇ ಬೀದಿಯಲ್ಲಿ ಎದುರುಬದುರು ಬೋರ್ಡು ಹಾಕಿ ಕೂರುತ್ತಾರೆ. ಅವರಲ್ಲಿ ಕೆಲವರನ್ನು ವಾರಕ್ಕೊಂದು ದಿನ ಒಳರೋಗಿಗಳ ವಾರ್ಡಿಗೆ ಕಳುಹಿಸಿ, ನ್ಯುಮೋನಿಯಾ ಬರಬಹುದಾದವರ ಬಾಯಿ ನೋಡಿಸುವುದು ಅಸಾಧ್ಯವೆಂದು ನನಗೆ ತೋರುವುದಿಲ್ಲ.

ಅದು ಆಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ ಪ್ರತಿವರ್ಷ ಏಳು ದಿನ ಹಳ್ಳಿಯಲ್ಲಿ ನಡೆಯುತ್ತದೆ. ಚರಂಡಿ ತೆಗೆಯುತ್ತೇವೆ, ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುತ್ತೇವೆ, ಸಂಜೆ ನಾಟಕವಾಡುತ್ತೇವೆ. ಆ ಸುಣ್ಣವನ್ನು ಮುಂದಿನ ವರ್ಷದ ಶಿಬಿರದವರು ಮತ್ತೆ ಬಳಿಯುತ್ತಾರೆ. ಈ ಸಲ ಒಂದು ಮಧ್ಯಾಹ್ನವನ್ನು ಬೇರೆ ರೀತಿ ಕಳೆಯೋಣವೆಂದು ನಾನು ಅಧಿಕಾರಿಗಳಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಊರಿನ ಆಶಾ ಕಾರ್ಯಕರ್ತೆಯರೊಡನೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಇದ್ದಾರೆಂದು ಪಟ್ಟಿಮಾಡುವುದು. ಒಪ್ಪಿದ ಮನೆಗಳಲ್ಲಿ ಒಬ್ಬ ಸಿಸ್ಟರನ್ನೋ ದಂತವೈದ್ಯರನ್ನೋ ಕರೆತಂದು ಬಾಯಿ ಶುಚಿಮಾಡುವ ಕ್ರಮವನ್ನು ಮನೆಯವರಿಗೆ ತೋರಿಸಿಕೊಡುವುದು. ಮನೆಗೊಂದು ಮೆತ್ತನೆಯ ಬ್ರಷ್ಷು ಕೊಡುವುದು. ಬ್ರಷ್ಷೊಂದಕ್ಕೆ ಇಪ್ಪತ್ತು ರೂಪಾಯಿಯಂತೆ ಐವತ್ತು ಮನೆಗೆ ಸಾವಿರ ರೂಪಾಯಿ. ಸಮಾರೋಪದ ದಿನ ಅತಿಥಿಗಳಿಗೆ ಹಾಕುವ ಹಾರ ತುರಾಯಿಗಳಿಗೆ ಇದಕ್ಕಿಂತ ಹೆಚ್ಚಾಗುತ್ತದೆ. ಅರ್ಜಿಯಲ್ಲಿ ಈ ಕೊನೆಯ ವಾಕ್ಯವನ್ನು ಬರೆದಿಲ್ಲ, ಇಲ್ಲಿ ಬರೆದಿದ್ದೇನೆ. ಅರ್ಜಿಗೆ ಈವರೆಗೆ ಇಪ್ಪತ್ತಮೂರು ಸಹಿಗಳಾಗಿವೆ. ಗ್ರಂಥಾಲಯದ ಪಕ್ಕದ ಸೂಚನಾ ಫಲಕದ ಕೆಳಗೆ, ಸೈಕಲ್ ಸ್ಟ್ಯಾಂಡಿನ ಕಡೆಯ ಬೆಂಚಿನ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕವನ್ನು ಇಟ್ಟುಕೊಂಡು ಕೂತಿರುತ್ತೇನೆ. ಅಧ್ಯಾಪಕರೂ ಸಹಿ ಹಾಕಬಹುದು.